15,000 ರೂಪಾಯಿಯೊಳಗೆ ಕಿರು ಕ್ಯಾಮೆರಾ: ಶಾಸನ, ವೀರಗಲ್ಲುಗಳ ಚಿತ್ರ ತೆಗೆಯಲು ಯಾವುದು ತಕ್ಕದ್ದು?

ಕಲ್ಲುಬರಹ, ಮಂಡ್ಯ

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಹನ್ನೆರಡು ವರ್ಷಗಳಿಂದ ಮಂಡ್ಯ, ಮದ್ದೂರು, ನಾಗಮಂಗಲ ತಾಲ್ಲೂಕುಗಳ ಹಳ್ಳಿಗಳನ್ನು ಸುತ್ತುತ್ತಿದ್ದೇನೆ. ಹೊಲದ ಬದುವಿನಲ್ಲಿ, ಕೆರೆ ಏರಿಯ ಮೇಲೆ, ಹಾಳು ಗುಡಿಗಳ ಅಂಗಳದಲ್ಲಿ ನಿಂತಿರುವ ವೀರಗಲ್ಲು, ಮಾಸ್ತಿಕಲ್ಲು, ಶಾಸನಗಳ ಚಿತ್ರ ತೆಗೆದು, ಊರಿನ ಹೆಸರು, ಜಾಗದ ಗುರುತು, ಕಲ್ಲಿನ ಅಳತೆ ಸಹಿತ ಬರೆದಿಡುವುದು ನನ್ನ ಕೆಲಸ. ಕಾಳಿ ಎಂಬ ಬೇಟೆನಾಯಿಯ ಕಥೆ ಹೇಳುವ ಆತಕೂರಿನ ಕಲ್ಲು ಬೆಂಗಳೂರಿನ ವಸ್ತುಸಂಗ್ರಹಾಲಯವನ್ನು ಸೇರಿ ಉಳಿಯಿತು. ಬಯಲಲ್ಲೇ ಉಳಿದ ಕಲ್ಲುಗಳಿಗೆ ಆ ಭಾಗ್ಯವಿಲ್ಲ. ನಾನು ಮೊದಲು ನೋಡಿದಾಗ ಅಕ್ಷರ ಸ್ಪಷ್ಟವಾಗಿದ್ದ ಒಂದು ಕಲ್ಲಿಗೆ ಮೂರು ವರ್ಷದ ಬಳಿಕ ಹೋದಾಗ ದಪ್ಪನಾಗಿ ಆಯಿಲ್ ಪೇಂಟ್ ಬಳಿದಿದ್ದರು. ಈಗ ಆ ಬರಹ ಓದಲು ಸಿಗುವುದು ನನ್ನ ಚಿತ್ರದಲ್ಲಿ ಮಾತ್ರ. ಆದ್ದರಿಂದ ಕ್ಯಾಮೆರಾ ಇಲ್ಲದೆ ಒಂದು ತಿಂಗಳು ಕಳೆಯುವುದೂ ನನಗೆ ಕಷ್ಟವಾಗಿದೆ.

ನನ್ನ ಬಳಿ ಇದ್ದದ್ದು 2011ರಲ್ಲಿ ಕೊಂಡ, ಎರಡು ಪೆನ್ಸಿಲ್ ಸೆಲ್ ಹಾಕುವ, 14 ಮೆಗಾಪಿಕ್ಸೆಲಿನ ಕಿರು ಕ್ಯಾಮೆರಾ. ಕಳೆದ ತಿಂಗಳು ನಾಗಮಂಗಲದ ಕಡೆ ಗಾಳಿಯೆದ್ದ ದಿನ, ಉತ್ತ ಹೊಲದ ನಡುವೆ ಅದನ್ನು ಆನ್ ಮಾಡಿದಾಗ ಲೆನ್ಸ್ ಅರ್ಧ ಹೊರಗೆ ಬಂದು, ಗರಗರ ಸದ್ದು ಮಾಡಿ ನಿಂತುಬಿಟ್ಟಿತು. ಪರದೆಯ ಮೇಲೆ ಲೆನ್ಸ್ ದೋಷವೆಂಬ ಸೂಚನೆ ಬರುತ್ತದೆ, ತಾನಾಗಿಯೇ ಆಫ್ ಆಗುತ್ತದೆ. ರಿಪೇರಿಯವರು ಈ ಮಾದರಿಯ ಬಿಡಿಭಾಗ ಈಗ ಬರುವುದಿಲ್ಲವೆಂದು ಹಿಂದಿರುಗಿಸಿದರು.

ಪಿಂಚಣಿಯಲ್ಲಿ ಕೂಡಿಸಿಟ್ಟ 15,000 ರೂಪಾಯಿ ಇದೆ, ಅದಕ್ಕಿಂತ ಮುಂದೆ ಹೋಗಲಾರೆ. ಸ್ಕೂಟರಿನಲ್ಲಿ ಒಬ್ಬನೇ ಓಡಾಡುವುದರಿಂದ ಜೇಬಿನಲ್ಲಿ ಹಿಡಿಸುವಂತಿರಬೇಕು. ಸವೆದ ಅಕ್ಷರಗಳನ್ನು ಹತ್ತಿರದಿಂದ ತೆಗೆಯಬೇಕು, ಕತ್ತಲೆಯ ಗುಡಿಯೊಳಗೂ ತೆಗೆಯಬೇಕು, ಕೆಲವು ಚಿತ್ರಗಳನ್ನು ಎ4 ಅಳತೆಯಲ್ಲಿ ಅಚ್ಚು ಹಾಕಿಸಬೇಕು. ವಿಡಿಯೊ ನನಗೆ ಬೇಡ. ತಿಳಿದವರು ದಾರಿ ತೋರಬೇಕೆಂದು ಕೋರುತ್ತೇನೆ.

ಸರಸ್ವತಿಪುರಂ ಓದುಗಿ, ಮೈಸೂರು

ಮೇಷ್ಟ್ರೇ, ತಮ್ಮ ಕೆಲಸದ ವಿಷಯ ಓದಿ ಸಂತೋಷವಾಯಿತು. ನಾನು ಮಾನಸಗಂಗೋತ್ರಿಯಲ್ಲಿ ಇತಿಹಾಸ ಓದುತ್ತಿದ್ದೇನೆ, ನಮ್ಮಲ್ಲಿ ಬಹುತೇಕ ಎಲ್ಲರೂ ಈಗ ಮೊಬೈಲಿನಲ್ಲೇ ಕ್ಷೇತ್ರಕಾರ್ಯದ ಚಿತ್ರ ತೆಗೆಯುತ್ತಾರೆ. ಅದೇ ಹಣಕ್ಕೆ ಸುಮಾರಾದ ಮೊಬೈಲ್ ಬರುತ್ತದೆ. ತೆಗೆದ ಜಾಗದ ಅಕ್ಷಾಂಶ, ರೇಖಾಂಶಗಳೂ ಚಿತ್ರದೊಳಗೆ ತಾವಾಗಿಯೇ ದಾಖಲಾಗುತ್ತವೆ. ಅಂದೇ ಸಂಜೆ ಚಿತ್ರವನ್ನು ಶಾಸನ ಓದಬಲ್ಲವರಿಗೆ ಕಳುಹಿಸಲೂ ಬಹುದು. ಬೇರೆ ಕ್ಯಾಮೆರಾ ಕೊಳ್ಳುವ ಮೊದಲು ಇದನ್ನು ಯೋಚಿಸಿದ್ದೀರಾ?

ಕಲ್ಲುಬರಹ, ಮಂಡ್ಯ

ಯೋಚಿಸಿದ್ದೇನೆ, ತಾಯಿ. ಮಗಳ ಮೊಬೈಲಿನಲ್ಲಿ ಒಂದೇ ಕಲ್ಲನ್ನು ಹತ್ತಾರು ಬಾರಿ ತೆಗೆದು ನೋಡಿದೆ. ದೂರದಿಂದ ಚಿತ್ರ ಬಹಳ ಚೆನ್ನಾಗಿ ಕಾಣುತ್ತದೆ. ಹಿಗ್ಗಿಸಿ ನೋಡಿದರೆ ಮಾತ್ರ ಕಲ್ಲಿನ ಸಣ್ಣ ಒರಟುಗಳನ್ನು ಅದು ನುಣ್ಣಗೆ ಒರೆಸಿ, ಗೆರೆಗಳ ಅಂಚನ್ನು ತನಗೆ ತೋಚಿದಂತೆ ತಿದ್ದಿರುತ್ತದೆ. ಹಳೆಯ ಲಿಪಿಯಲ್ಲಿ ಪ, ವ, ಮಗಳನ್ನು ಬೇರ್ಪಡಿಸುವುದು ಒಂದು ಸಣ್ಣ ಗೀಟು ಅಥವಾ ಒಂದು ಸಣ್ಣ ತೆರಪು. ಅದನ್ನೇ ಯಂತ್ರ ಒರೆಸಿಬಿಟ್ಟರೆ ಓದುವವರು ತಪ್ಪು ಹೆಸರು ಓದುತ್ತಾರೆ. ಮೊಬೈಲ್ ಜೊತೆಯಲ್ಲಿ ಇರಲಿ, ಜಾಗದ ಗುರುತಿಗೆ ಒಂದು ಚಿತ್ರ ಅದರಲ್ಲೂ ತೆಗೆಯುತ್ತೇನೆ. ಅಕ್ಷರದ ಚಿತ್ರಕ್ಕೆ ಮಾತ್ರ ಕ್ಯಾಮೆರಾ ಬೇಕೇ ಬೇಕು.

ಹೆಜ್ಜಾರ್ಲೆ, ಮದ್ದೂರು

ಮೇಷ್ಟ್ರೇ, ನಾನು ಕೊಕ್ಕರೆ ಬೆಳ್ಳೂರಿನಲ್ಲಿ ಹಕ್ಕಿಗಳ ಚಿತ್ರ ತೆಗೆಯುವವನು. ನನ್ನ ಅನುಭವದಲ್ಲಿ ಜೂಮ್ ಇದ್ದರೆ ಅರ್ಧ ಕೆಲಸ ಮುಗಿದಂತೆ. ಕ್ಯಾನನ್ ಪವರ್‌ಶಾಟ್ ಎಸ್‌ಎಕ್ಸ್740 ಎಚ್‌ಎಸ್ ಎಂಬ ಕಿರು ಕ್ಯಾಮೆರಾದಲ್ಲಿ 40 ಪಟ್ಟು ಜೂಮ್ ಇದೆ. ಹುಣಿಸೆ ಮರದ ತುದಿಯಲ್ಲಿ ಕುಳಿತ ಬಣ್ಣದ ಕೊಕ್ಕರೆಯ ಕಣ್ಣಿನ ಸುತ್ತಲಿನ ಚರ್ಮವನ್ನೂ ಅದು ತೋರಿಸುತ್ತದೆ, ಆದರೂ ಅಂಗಿಯ ಜೇಬಿನಲ್ಲಿ ಕೂರುತ್ತದೆ. ಗುಡಿಯ ಶಿಖರದ ಶಿಲ್ಪಗಳಿಗೂ, ಹತ್ತಲಾಗದ ಬಂಡೆಯ ಮೇಲಿನ ಬರಹಗಳಿಗೂ ಇದು ನೆರವಾಗುತ್ತದೆ. ನಿಮ್ಮ ಹಣಕ್ಕೆ ಹೊಸದು ಬರುವುದಿಲ್ಲ, ಬಳಸಿದ್ದು ಸಿಕ್ಕೀತು. ಅದೇ ಸಾಲಿನ ಹಳೆಯ ಮಾದರಿಗಳು ಇನ್ನೂ ಅಗ್ಗವಾಗಿ ಸಿಗುತ್ತವೆ.

ಕತ್ತಲೆಕೋಣೆ, ಮೈಸೂರು

ನಾನು ಫಿಲ್ಮ್ ಕಾಲದಿಂದ ಸ್ಟುಡಿಯೊ ನಡೆಸಿ, ಈಗ ಮನೆಯಲ್ಲೇ ಹಳೆಯ ಕ್ಯಾಮೆರಾಗಳನ್ನು ಬಿಚ್ಚಿ ಕೂಡಿಸುತ್ತಿರುವವನು. ಹೆಜ್ಜಾರ್ಲೆಯವರ ಮಾತು ಹಕ್ಕಿಗೆ ಪೂರ್ತಿ ಸರಿ. ಹಕ್ಕಿ ದೂರದಲ್ಲಿರುತ್ತದೆ, ಬಿಸಿಲಿನಲ್ಲಿರುತ್ತದೆ. ಮೇಷ್ಟ್ರ ಕಲ್ಲು ಎರಡು ಅಡಿ ದೂರದಲ್ಲಿದೆ, ಹಲವು ಬಾರಿ ನೆರಳಿನಲ್ಲಿ, ಗುಡಿಯ ಕತ್ತಲೆಯಲ್ಲಿದೆ. ಅವರು 40 ಪಟ್ಟು ಜೂಮಿಗೆ ಹಣ ಕೊಟ್ಟರೆ ತಮಗೆ ಬೇಡದ ವಸ್ತುವಿಗೆ ಕೊಟ್ಟಂತಾಗುತ್ತದೆ. ಅದಲ್ಲದೆ ಹೆಚ್ಚು ಉದ್ದ ಚಾಚುವ ಲೆನ್ಸಿನಲ್ಲಿ ಒಂದರೊಳಗೊಂದು ಸರಿಯುವ ಕೊಳವೆಗಳೂ ಸಣ್ಣ ಹಲ್ಲುಚಕ್ರಗಳೂ ಇರುತ್ತವೆ. ಉತ್ತ ಹೊಲದ ಮಣ್ಣಿನ ಒಂದು ಕಣ ಅಲ್ಲಿ ಸಿಕ್ಕಿಕೊಂಡರೆ ಏನಾಗುತ್ತದೆ ಎಂಬುದನ್ನು ಮೇಷ್ಟ್ರು ಈಗಾಗಲೇ ಕಂಡಿದ್ದಾರೆ.

ಮೊದಲು ಸೆನ್ಸರಿನ, ಅಂದರೆ ಲೆನ್ಸಿನ ಹಿಂದೆ ಬೆಳಕು ಹಿಡಿದು ಚಿತ್ರ ಮೂಡಿಸುವ ತಟ್ಟೆಯ ವಿಷಯ. ಜೇಬಿನ ಕ್ಯಾಮೆರಾಗಳಲ್ಲಿ ಹೆಚ್ಚಿನವುಗಳ ಸೆನ್ಸರ್ ಸುಮಾರು 6.2 ಮಿ.ಮೀ. ಅಗಲ, 4.6 ಮಿ.ಮೀ. ಎತ್ತರ, ಅಂದರೆ 28 ಚದರ ಮಿಲಿಮೀಟರ್. ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ ಕ್ಯಾಮೆರಾಗಳಲ್ಲಿ ಸುಮಾರು 40 ಚದರ ಮಿಲಿಮೀಟರ್ ಇರುತ್ತದೆ. ಒಂದು ಇಂಚಿನದು ಎಂದು ಕರೆಯುವ ಸೆನ್ಸರ್ 13.2 ಮಿ.ಮೀ. ಅಗಲ, 8.8 ಮಿ.ಮೀ. ಎತ್ತರವಿದ್ದು, ಸುಮಾರು 116 ಚದರ ಮಿಲಿಮೀಟರ್ ಆಗುತ್ತದೆ. ಬಿದ್ದ ಬೆಳಕನ್ನು ಹಿಡಿಯುವುದು ಈ ಜಾಗವೇ. 28 ಚದರ ಮಿಲಿಮೀಟರಿನಲ್ಲಿ 20 ಮೆಗಾಪಿಕ್ಸೆಲ್ ತುಂಬಿದರೆ ಒಂದೊಂದು ಪಿಕ್ಸೆಲಿನ ಪಾಲಿಗೆ ಬರುವ ಬೆಳಕು ಅತ್ಯಲ್ಪ, ಕತ್ತಲೆಯ ಗುಡಿಯಲ್ಲಿ ಆ ಚಿತ್ರದ ಮೇಲೆ ರವೆ ಚೆಲ್ಲಿದಂತೆ ಕಾಣುತ್ತದೆ. ಆ ರವೆಯನ್ನು ಅಳಿಸಲು ಕ್ಯಾಮೆರಾವೂ ಮೊಬೈಲಿನಂತೆಯೇ ಒರೆಸತೊಡಗುತ್ತದೆ.

ಎ4 ಹಾಳೆಯನ್ನು ಇಂಚಿಗೆ 300 ಚುಕ್ಕೆಗಳಂತೆ ಅಚ್ಚು ಹಾಕಲು ಬೇಕಾದದ್ದು 3508ಕ್ಕೆ 2480 ಚುಕ್ಕೆ, ಗುಣಿಸಿದರೆ 87 ಲಕ್ಷ. ಒಂದು ಮೆಗಾಪಿಕ್ಸೆಲ್ ಎಂದರೆ ಹತ್ತು ಲಕ್ಷ ಚುಕ್ಕೆ, ಆದ್ದರಿಂದ 10 ಮೆಗಾಪಿಕ್ಸೆಲ್ ಮೇಷ್ಟ್ರ ಕೆಲಸಕ್ಕೆ ಸಾಕು. ಈ ಲೆಕ್ಕ ಒಮ್ಮೆ ಮನಸ್ಸಿಗೆ ಬಂದರೆ, ಹತ್ತು ಹನ್ನೆರಡು ವರ್ಷ ಹಳೆಯದಾದರೂ ಒಳ್ಳೆಯ ಲೆನ್ಸ್ ಇರುವ ಕ್ಯಾಮೆರಾಗಳ ಬಾಗಿಲು ತೆರೆಯುತ್ತದೆ.

ನನ್ನ ಮನಸ್ಸಿನಲ್ಲಿರುವುದು ಎರಡು. ಮೊದಲನೆಯದು 2012ರ ಸೋನಿ ಆರ್‌ಎಕ್ಸ್100: ಒಂದು ಇಂಚಿನ ಸೆನ್ಸರ್, 20 ಮೆಗಾಪಿಕ್ಸೆಲ್, ಎಫ್ 1.8ರಿಂದ ಶುರುವಾಗುವ ಲೆನ್ಸ್ (ಎಫ್ ಅಂಕಿ ಕಿರಿದಾದಷ್ಟೂ ಒಳಬರುವ ಬೆಳಕು ಹೆಚ್ಚು), ಬ್ಯಾಟರಿ ಸೇರಿ 240 ಗ್ರಾಂ ತೂಕ. ಮೊಬೈಲಿನ ಪವರ್ ಬ್ಯಾಂಕಿನಿಂದಲೇ ಚಾರ್ಜ್ ಆಗುತ್ತದೆ, ಹಳ್ಳಿ ಸುತ್ತುವವರಿಗೆ ಇದು ಸಣ್ಣ ಅನುಕೂಲವಲ್ಲ. ಎರಡನೆಯದು ಅದೇ ವರ್ಷದ ಪ್ಯಾನಾಸೋನಿಕ್ ಲ್ಯೂಮಿಕ್ಸ್ ಎಲ್‌ಎಕ್ಸ್7. ಇದರ ಸೆನ್ಸರ್ ಚಿಕ್ಕದು, 10 ಮೆಗಾಪಿಕ್ಸೆಲ್ ಮಾತ್ರ. ಆದರೆ ಲೆನ್ಸ್ ಎಫ್ 1.4ರದ್ದು, ಸಾಮಾನ್ಯ ಕಿರು ಕ್ಯಾಮೆರಾದ ಎಫ್ 3.4 ಲೆನ್ಸಿಗಿಂತ ಸುಮಾರು ಆರು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಅಕ್ಷರಕ್ಕೆ ಒಂದು ಸೆಂಟಿಮೀಟರ್ ಹತ್ತಿರದವರೆಗೂ ಹೋಗಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ತಲೆಯ ಮೇಲೆ ಹೊರಗಿನ ಫ್ಲ್ಯಾಶ್ ಕೂರಿಸುವ ಹಾಟ್ ಶೂ ಇದೆ. ಆರ್‌ಎಕ್ಸ್100ರಲ್ಲಿ ಅದು ಇಲ್ಲ.

ಹಾಟ್ ಶೂಗೆ ಏಕೆ ಇಷ್ಟು ಒತ್ತು ಕೊಡುತ್ತೇನೆಂದರೆ, ಶಾಸನವನ್ನು ಓದಿಸುವುದು ಓರೆ ಬೆಳಕು. ಎದುರಿನಿಂದ ಬಿದ್ದ ಬೆಳಕು ಕೊರೆದ ತಗ್ಗನ್ನೂ ಸುತ್ತಲಿನ ಕಲ್ಲನ್ನೂ ಒಂದೇ ಬಣ್ಣ ಮಾಡುತ್ತದೆ. ಪಕ್ಕದಿಂದ, ಕಲ್ಲಿಗೆ ತಗುಲಿದಂತೆ ಬಿದ್ದ ಬೆಳಕು ಪ್ರತಿ ತಗ್ಗಿನಲ್ಲೂ ನೆರಳು ತುಂಬುತ್ತದೆ. ಬೆಳಗ್ಗೆ, ಸಂಜೆ ಸೂರ್ಯ ಇದನ್ನು ತಾನೇ ಮಾಡುತ್ತಾನೆ, ಆದರೆ ಉತ್ತರಕ್ಕೆ ಮುಖ ಮಾಡಿದ ಕಲ್ಲಿಗೆ ವರ್ಷದ ಸುಮಾರು ಅರ್ಧ ಕಾಲ ಆ ಬೆಳಕು ಬೀಳುವುದೇ ಇಲ್ಲ. ಕ್ಯಾಮೆರಾ ಟ್ರೈಪಾಡಿನ ಮೇಲೆ ನಿಲ್ಲಿಸಿ, ತಂತಿ ಹಾಕಿದ ಫ್ಲ್ಯಾಶನ್ನು ಎಡಗೈಯಲ್ಲಿ ಕಲ್ಲಿನ ಪಕ್ಕಕ್ಕೆ ಹಿಡಿದು, ಕಲ್ಲಿನ ಮೇಲೆ ಕಪ್ಪು ಕೊಡೆಯ ನೆರಳು ಮಾಡಿ ತೆಗೆದರೆ ನಡು ಮಧ್ಯಾಹ್ನವೂ ಸಂಜೆಯ ಬೆಳಕು ಸಿಗುತ್ತದೆ. ಕೊಡೆ ಹಿಡಿಯಲು ಊರಿನ ಹುಡುಗನೊಬ್ಬ ಬೇಕು, ಅದು ಕಷ್ಟವಲ್ಲ. ಸೀಮೆಸುಣ್ಣ ತುಂಬುವ ಅಭ್ಯಾಸ ಯಾರಿಗಾದರೂ ಇದ್ದರೆ ದಯವಿಟ್ಟು ಬಿಡಿ. ಅದು ಕಲ್ಲಿಗೂ ಒಳ್ಳೆಯದಲ್ಲ, ತುಂಬಿದವರು ಓದಿದ್ದನ್ನೇ ಮುಂದಿನವರೂ ಓದುವಂತೆ ಮಾಡುತ್ತದೆ.

ಒಂದು ಎಚ್ಚರಿಕೆ. ಫಿಲ್ಮ್ ಕಾಲದ ಕೆಲವು ಫ್ಲ್ಯಾಶ್‌ಗಳು ಹಾಟ್ ಶೂವಿನ ನಡುವಿನ ಬಿಂದುವಿನಲ್ಲಿ 200 ವೋಲ್ಟಿಗೂ ಹೆಚ್ಚು ಹರಿಸುತ್ತವೆ, ಡಿಜಿಟಲ್ ಕ್ಯಾಮೆರಾ ಅದನ್ನು ತಾಳುವುದಿಲ್ಲ. ಮನೆಯ ಮೂಲೆಯಲ್ಲಿ ಸಿಕ್ಕಿದ ಫ್ಲ್ಯಾಶನ್ನು ಮಲ್ಟಿಮೀಟರಿನಲ್ಲಿ ಅಳೆಯದೆ ಹಾಕಬೇಡಿ.

ಆಲೆಮನೆ, ಪಾಂಡವಪುರ

ಕತ್ತಲೆಕೋಣೆಯವರ ಮೆಗಾಪಿಕ್ಸೆಲ್ ಲೆಕ್ಕವನ್ನು ನಾನು ಒಂದು ವರ್ಷ ಮೊದಲು ಓದಿದ್ದರೆ 4,200 ರೂಪಾಯಿ ಉಳಿಯುತ್ತಿತ್ತು. ತಂಗಿಯ ಮಗಳಿಗೆಂದು ಆನ್‌ಲೈನಿನಲ್ಲಿ ಹೆಸರು ಕೇಳಿರದ ಒಂದು ಹೊಸ ಕ್ಯಾಮೆರಾ ತರಿಸಿದೆ. ಪೆಟ್ಟಿಗೆಯ ಮೇಲೆ 48 ಮೆಗಾಪಿಕ್ಸೆಲ್, 16 ಪಟ್ಟು ಜೂಮ್ ಎಂದು ದೊಡ್ಡದಾಗಿ ಅಚ್ಚಾಗಿತ್ತು. ಬಂದ ಮೇಲೆ ತಿಳಿದದ್ದೆಂದರೆ ಅದರ ಲೆನ್ಸ್ ಅಲುಗಾಡುವುದೇ ಇಲ್ಲ. ಜೂಮ್ ಎಂದರೆ ಚಿತ್ರದ ನಡುಭಾಗವನ್ನು ಕತ್ತರಿಸಿ ಹಿಗ್ಗಿಸುವುದಷ್ಟೇ. ಫೋಕಸ್ ಕೂಡ ಒಂದೇ ದೂರಕ್ಕೆ ಕೂಡಿಸಿಟ್ಟದ್ದು. ಪುಸ್ತಕದ ಪುಟವನ್ನು ಒಂದು ಅಡಿ ದೂರದಿಂದ ತೆಗೆದರೆ ಒಂದು ಅಕ್ಷರವೂ ಓದಲಾಗಲಿಲ್ಲ, ಮೂರು ಅಡಿ ಹಿಂದೆ ಸರಿದರೆ ಅಕ್ಷರ ಇರುವೆಯಷ್ಟಾಗುತ್ತಿತ್ತು. ಚಿಕ್ಕ ಸೆನ್ಸರಿನಿಂದ ಬಂದ ಚಿತ್ರವನ್ನು ಒಳಗೇ ಹಿಗ್ಗಿಸಿ 48 ಎಂಬ ಅಂಕಿ ತೋರಿಸುತ್ತದೆಂದು ಆಮೇಲೆ ಅರ್ಥವಾಯಿತು. ಹಿಂದಿರುಗಿಸಲು ಎರಡು ವಾರ ಓಡಾಡಿದರೂ ಹಣ ಬರಲಿಲ್ಲ. ಮೇಷ್ಟ್ರೇ, ಹೊಸದು ಎಂಬ ಒಂದೇ ಕಾರಣಕ್ಕೆ ಇಂಥದ್ದನ್ನು ಕೊಳ್ಳಬೇಡಿ. ಲೆನ್ಸಿನ ಸುತ್ತ ಅದರ ಫೋಕಲ್ ಲೆಂಗ್ತ್ (ಮಿ.ಮೀ. ಲೆಕ್ಕದಲ್ಲಿ ಬರೆಯುವ ಲೆನ್ಸಿನ ಅಳತೆ) ಒಂದು ಅಂಕಿಯಿಂದ ಇನ್ನೊಂದು ಅಂಕಿಯವರೆಗೆ ಎಂದು ಬರೆದಿದ್ದರೆ ಜೂಮ್ ನಿಜವಾದದ್ದು. ಒಂದೇ ಅಂಕಿ ಇದ್ದು ಪೆಟ್ಟಿಗೆಯ ಮೇಲೆ ಜೂಮ್ ಎಂದಿದ್ದರೆ ಎಚ್ಚರವಹಿಸಬೇಕು.

ಸರಸ್ವತಿಪುರಂ ಓದುಗಿ, ಮೈಸೂರು

ಕತ್ತಲೆಕೋಣೆ ಸರ್, ಒಪ್ಪಿದೆ. ಆದರೆ ವಾರಂಟಿ ಇರುವ, ಹೆಸರಾಂತ ಕಂಪನಿಯ ಹೊಸ ಕಿರು ಕ್ಯಾಮೆರಾ ಈ ಹಣಕ್ಕೆ ಏಕೆ ಸಿಗುವುದಿಲ್ಲ? ಚಿಕ್ಕವಳಿದ್ದಾಗ ದೇವರಾಜ ಅರಸು ರಸ್ತೆಯ ಅಂಗಡಿಗಳ ಗಾಜಿನೊಳಗೆ ಸಾಲು ಸಾಲಾಗಿ ಇದ್ದದ್ದು ನೆನಪಿದೆ.

ಕತ್ತಲೆಕೋಣೆ, ಮೈಸೂರು

ನೆನಪು ಸರಿಯಾಗಿದೆ, ಅಮ್ಮ. 2010ರಲ್ಲಿ ಜಪಾನಿನ ಕಂಪನಿಗಳು ಜಗತ್ತಿಗೆ ಕಳುಹಿಸಿದ ಡಿಜಿಟಲ್ ಕ್ಯಾಮೆರಾಗಳ ಸಂಖ್ಯೆ 12 ಕೋಟಿ ಮೀರಿತ್ತು, ಅದರಲ್ಲಿ ಬಹುಪಾಲು ಇಂಥ ಜೇಬಿನ ಕ್ಯಾಮೆರಾಗಳೇ. ಮೊಬೈಲ್ ಬಂದು ಆ ಕೆಳಮಟ್ಟದ ಮಾರುಕಟ್ಟೆಯನ್ನೇ ಮೊದಲು ತಿಂದಿತು. ಕ್ಯಾಸಿಯೊ 2018ರಲ್ಲಿ ಕಿರು ಕ್ಯಾಮೆರಾ ನಿಲ್ಲಿಸಿತು, ಒಲಿಂಪಸ್ 2021ರ ಆರಂಭದಲ್ಲಿ ತನ್ನ ಕ್ಯಾಮೆರಾ ವಿಭಾಗವನ್ನೇ ಬೇರೆಯವರಿಗೆ ಒಪ್ಪಿಸಿತು. ಉಳಿದ ಕಂಪನಿಗಳು ಮೊಬೈಲ್ ಮುಟ್ಟಲಾಗದ ದುಬಾರಿ ಮಾದರಿಗಳತ್ತ ಸರಿದವು. 2019ರ ಜನವರಿಯಿಂದ ನಮ್ಮಲ್ಲಿ ಡಿಜಿಟಲ್ ಕ್ಯಾಮೆರಾದ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು, ಆದರೂ ಅಗ್ಗದ ಒಳ್ಳೆಯ ಕ್ಯಾಮೆರಾ ಹಿಂದಿರುಗಲಿಲ್ಲ. ಈಚೆಗೆ ಹುಡುಗ ಹುಡುಗಿಯರು ಹಳೆಯ ಕಿರು ಕ್ಯಾಮೆರಾಗಳನ್ನು ಆಸೆಪಟ್ಟು ಹುಡುಕುತ್ತಿರುವುದರಿಂದ ಬಳಸಿದವುಗಳ ಬೆಲೆಯೂ ಏರುತ್ತಿದೆ. ಮೇಷ್ಟ್ರು ತಡಮಾಡದಿರುವುದು ಒಳ್ಳೆಯದು.

ಬಳಸಿದ್ದನ್ನು ಕೊಳ್ಳುವಾಗ ಕಣ್ಣಿಗಿಂತ ಕಿವಿಯನ್ನು ಮೊದಲು ಬಳಸಬೇಕು. ಹತ್ತು ಬಾರಿ ಆನ್, ಆಫ್ ಮಾಡಿ. ಲೆನ್ಸ್ ಒಂದೇ ಸದ್ದಿನಲ್ಲಿ, ತಡವರಿಸದೆ ಹೊರಬಂದು ಒಳಹೋಗಬೇಕು. ಬಳಿಕ ಎಫ್ ಅಂಕಿಯನ್ನು ಅತಿ ಹೆಚ್ಚಿಗೆ ಇಟ್ಟು, ಜೂಮ್ ಪೂರ್ತಿ ಮಾಡಿ ಬಿಳಿ ಗೋಡೆಯ ಚಿತ್ರ ತೆಗೆಯಿರಿ. ಮಸುಕಾದ ಬೂದು ಚುಕ್ಕೆಗಳು ಕಂಡರೆ ಸೆನ್ಸರಿನ ಮೇಲೆ ದೂಳು ಕುಳಿತಿದೆ. ಈ ಕ್ಯಾಮೆರಾಗಳಲ್ಲಿ ಲೆನ್ಸ್ ಕಳಚಲಾಗದ ಕಾರಣ ಅದನ್ನು ಒರೆಸಲು ಇಡೀ ಕ್ಯಾಮೆರಾ ಬಿಚ್ಚಬೇಕಾಗುತ್ತದೆ. ಮೊಬೈಲಿನ ಟಾರ್ಚನ್ನು ಓರೆಯಾಗಿ ಲೆನ್ಸಿನೊಳಗೆ ಬಿಟ್ಟು ನೋಡಿದರೆ ಜೇಡರ ಬಲೆಯಂಥ ಎಳೆಗಳು ಕಾಣುವುದುಂಟು, ಅದು ಫಂಗಸ್, ಅಂಥದ್ದನ್ನು ಬಿಟ್ಟುಬಿಡಿ. ಬ್ಯಾಟರಿ ಮೇಜಿನ ಮೇಲೆ ಸಮತಟ್ಟಾಗಿ ಕೂರಬೇಕು, ಉಬ್ಬಿ ಅಲ್ಲಾಡಿದರೆ ಹೊಸ ಬ್ಯಾಟರಿಯ ಹಣ ಕಳೆದೇ ಬೆಲೆ ಹೇಳಿ.

ಕಲ್ಲುಬರಹ, ಮಂಡ್ಯ

ಎಲ್ಲರ ಮಾತನ್ನೂ ಕಾಗದದ ಮೇಲೆ ಬರೆದುಕೊಂಡು ಕಳೆದ ಶನಿವಾರ ಬೆಳಗ್ಗೆಯ ರೈಲಿಗೆ ಮೈಸೂರಿಗೆ ಹೋಗಿದ್ದೆ. ಎರಡು ಕಡೆ ಬಳಸಿದ ಕ್ಯಾಮೆರಾ ನೋಡಿದೆ. ಮೊದಲನೆಯದು ಹೊರಗಿನಿಂದ ಹೊಸದರಂತೆ ಹೊಳೆಯುತ್ತಿತ್ತು, ನನಗೆ ಬಹಳ ಇಷ್ಟವೂ ಆಗಿತ್ತು. ಬಿಳಿ ಗೋಡೆಯ ಚಿತ್ರ ತೆಗೆದಾಗ ಬಲ ಮೂಲೆಯಲ್ಲಿ ಎಳ್ಳು ಉದುರಿಸಿದಂತೆ ಏಳು ಚುಕ್ಕೆಗಳು ಕಂಡವು. ಶಾಸನದ ಚಿತ್ರದಲ್ಲಿ ಅಂಥ ಒಂದು ಚುಕ್ಕೆ ಅನುಸ್ವಾರವಾಗಿಬಿಡಬಹುದು ಎಂದು ಹೆದರಿ ಕೆಳಗಿಟ್ಟೆ. ಎರಡನೆಯದು ಎಲ್‌ಎಕ್ಸ್7. ಅಂಚುಗಳಲ್ಲಿ ಬಣ್ಣ ಸವೆದಿದೆ, ಪರದೆಯ ಮೇಲೆ ಎರಡು ಗೀರುಗಳಿವೆ. ಆದರೆ ಲೆನ್ಸ್ ಸದ್ದು ಒಂದೇ ಸಮ, ಗೋಡೆಯ ಚಿತ್ರ ಶುಭ್ರ. 11,000 ರೂಪಾಯಿಗೆ ಒಪ್ಪಿದರು. ಇನ್ನೊಂದು ಬ್ಯಾಟರಿಗೆ 900 ರೂಪಾಯಿ ಆಯಿತು. ಕತ್ತಲೆಕೋಣೆಯವರು ಮನೆಗೆ ಕರೆದು ಕಾಫಿ ಕೊಟ್ಟು, ತಮ್ಮ ಒಂದು ಫ್ಲ್ಯಾಶನ್ನು ನನ್ನ ಕಣ್ಣೆದುರೇ ಅಳೆದು ತೋರಿಸಿ, ತಂತಿಯೊಂದಿಗೆ ಕೊಟ್ಟರು. ಹಣ ತೆಗೆದುಕೊಳ್ಳಲಿಲ್ಲ. ಅವರ ಋಣ ನನ್ನ ಮೇಲಿದೆ.

ಭಾನುವಾರ ಸಂಜೆಯವರೆಗೆ ಕಾಯಲಾಗದೆ ಮಧ್ಯಾಹ್ನವೇ, ನಮ್ಮೂರ ಕೆರೆಯ ತೂಬಿನ ಬಳಿ ಇರುವ ವೀರಗಲ್ಲಿಗೆ ಹೋದೆ. ಅದು ಉತ್ತರಕ್ಕೆ ಮುಖ ಮಾಡಿದೆ. ಆರು ವರ್ಷದಲ್ಲಿ ನಾಲ್ಕು ಬಾರಿ ತೆಗೆದಿದ್ದರೂ ನಡುವಿನ ಪಟ್ಟಿಕೆಯ ಕೆಳಗಿನ ಸಾಲು ಓದಲು ಆಗಿರಲಿಲ್ಲ. ದನ ಮೇಯಿಸುತ್ತಿದ್ದ ಹುಡುಗ ಕೊಡೆ ಹಿಡಿದ. ಫ್ಲ್ಯಾಶನ್ನು ಎಡಕ್ಕೆ, ಕಲ್ಲಿಗೆ ಗೇಣು ದೂರದಲ್ಲಿ ಹಿಡಿದು ತೆಗೆದ ಮೊದಲ ಚಿತ್ರದಲ್ಲಿ ಬೆಳಕು ಹೆಚ್ಚಾಗಿ ಅಂಚು ಬೆಳ್ಳಗಾಯಿತು. ಫ್ಲ್ಯಾಶಿನ ಶಕ್ತಿ ತಗ್ಗಿಸಿ, ಎಫ್ 4ಕ್ಕೆ ಇಟ್ಟು ಮತ್ತೆ ತೆಗೆದೆ. ಪರದೆಯಲ್ಲಿ ಹಿಗ್ಗಿಸಿ ನೋಡಿದಾಗ, ಇಷ್ಟು ದಿನ ಮಕಾರವೆಂದು ಬರೆದುಕೊಂಡಿದ್ದ ಅಕ್ಷರದ ತಲೆ ತೆರೆದಿರುವುದು ಕಂಡಿತು. ಅದು ಪಕಾರ. ಹುಡುಗನನ್ನೂ ಕರೆದು ತೋರಿಸಿದೆ. ಅವನು ಕಲ್ಲಿನ ಮೇಲೆ ಬೆರಳಿಟ್ಟು ಅದೇ ಗೆರೆಯನ್ನು ತಡವಿ ನೋಡಿದ.

ಒಂದು ಸಂದೇಹ ಮಾತ್ರ ಉಳಿದಿದೆ. ಫ್ಲ್ಯಾಶಿನ ತಂತಿ ಒಂದು ಮೀಟರ್ ಇದೆ. ಆಳೆತ್ತರದ ಕಲ್ಲುಗಳ ಮೇಲಿನ ಪಟ್ಟಿಕೆಗೆ ಅದು ಸಾಲುವುದಿಲ್ಲ. ಉದ್ದದ ತಂತಿ ಕೊಳ್ಳಬೇಕೋ, ಅಥವಾ ತಂತಿಯಿಲ್ಲದೆ ಫ್ಲ್ಯಾಶ್ ಹೊತ್ತಿಸುವ ಟ್ರಿಗರ್ ತರಿಸಬೇಕೋ?

ಕತ್ತಲೆಕೋಣೆ, ಮೈಸೂರು

ತಂತಿಯೇ ಇರಲಿ, ಮೇಷ್ಟ್ರೇ. ಟ್ರಿಗರಿಗೆ ಎರಡು ಕಡೆ ಬೇರೆ ಬ್ಯಾಟರಿ ಬೇಕು, ನೀವು ಈಗಾಗಲೇ ಕ್ಯಾಮೆರಾಗೊಂದು ಫ್ಲ್ಯಾಶಿಗೊಂದು ಎಂದು ಎರಡು ಬಗೆ ಹೊರುತ್ತಿದ್ದೀರಿ. ನನ್ನ ಬಳಿ ಮೂರು ಮೀಟರಿನ ತಂತಿಯಿದೆ, ತುದಿಯ ಬೆಸುಗೆ ಬಿಟ್ಟಿದೆ. ಬುಧವಾರದೊಳಗೆ ಬೆಸೆದು ಇಟ್ಟಿರುತ್ತೇನೆ. ಬರುವಾಗ ಆ ಪಕಾರದ ಚಿತ್ರವನ್ನೂ ತನ್ನಿ.